ಖಾಲಿಯಾಗದ ಗ್ಯಾಸು

ಹುಬ್ಬಳ್ಳಿಯ ಏಪ್ರಿಲ್. ಬಾನೆಟ್ಟಿನ ಮೇಲೆ ಬಾಗಿದ್ದ ಹುಡುಗನಿಗೆ ಹದಿನೆಂಟು ಇರಬಹುದು. ಎಸಿಯಿಂದ ಬಿಸಿಗಾಳಿ ಬರುತ್ತಿದೆ ಎಂದು ನಾನು ಹೇಳಿ ಮುಗಿಸುವ ಮೊದಲೇ ಅವನ ತೀರ್ಪು ಬಂದಾಗಿತ್ತು: "ಗ್ಯಾಸ್ ಖಾಲಿ ಆಗೇತ್ರಿ ಸರ, ಹಾಕಬೇಕ್ರಿ." ಎಷ್ಟು ಉಳಿದಿದೆ ನೋಡಬೇಕಲ್ಲ ಅಂದೆ. ಅವನು ದಪ್ಪ ಪೈಪಿನ ಮೇಲಿದ್ದ ಪುಟ್ಟ ಮುಚ್ಚಳ ತಿರುವಿ ತೆಗೆದು, ಸ್ಕ್ರೂಡ್ರೈವರಿನ ತುದಿಯಿಂದ ಒಳಗಿನ ಪಿನ್ನನ್ನು ಒತ್ತಿದ. ಕುಕ್ಕರಿನ ಸೀಟಿಗಿಂತ ತೆಳು, ಆದರೆ ಕಿವಿಗೆ ಚುಚ್ಚುವಂಥ ಸದ್ದು. ಬಿಳಿ ಹೊಗೆಯಂಥದ್ದೇನೋ ಚಿಮ್ಮಿತು, ಅದರ ಜೊತೆ ಬಂದ ಎಣ್ಣೆಯ ತುಂತುರು ಮಡ್‌ಗಾರ್ಡಿನ ಮೇಲೆ ಕೂತಿತು. ಅಂಥ ಬಿಸಿಲಿನಲ್ಲೂ ಪಿನ್ನಿನ ಸುತ್ತ ಕಣ್ಣೆದುರಿಗೇ ಹಿಮ ಕಟ್ಟಿತು. ಹುಡುಗ ಕೈ ಜಾಡಿಸಿಕೊಂಡ. ತೋರುಬೆರಳಿನ ತುದಿ ಬೆಳ್ಳಗಾಗಿತ್ತು. ಪ್ಯಾಂಟಿಗೆ ಉಜ್ಜಿಕೊಳ್ಳುತ್ತ, "ಏನ ಆಗೂದಿಲ್ಲ ಬಿಡ್ರಿ" ಅಂದ.

ಹತ್ತು ನಿಮಿಷದಲ್ಲಿ ಒಂದು ಡಬ್ಬಿ ಗ್ಯಾಸು ಒಳಗೆ ಹೋಯಿತು, ನನ್ನ ಕಿಸೆಯಿಂದ ಒಂದೂವರೆ ಸಾವಿರ ಹೊರಗೆ ಬಂತು. ಎಸಿ ತಣ್ಣಗಾಯಿತು. ಮರುವರ್ಷ ಯುಗಾದಿ ಮುಗಿಯುವಷ್ಟರಲ್ಲಿ ಮತ್ತೆ ಬಿಸಿಗಾಳಿ, ಮತ್ತೆ ಅದೇ ಮಾತು, ಮತ್ತೊಂದು ಡಬ್ಬಿ. ಮೂರನೆಯ ಬೇಸಿಗೆಗೂ ಅದೇ. ಬಾಗಿಲಿಗೆ ವರ್ಷಕ್ಕೊಮ್ಮೆ ತೋರಣ ಕಟ್ಟಿದ ಹಾಗೆ ಕಾರಿಗೆ ವರ್ಷಕ್ಕೊಮ್ಮೆ ಗ್ಯಾಸು ಹಾಕಿಸುವುದು ಎಂದು ನಾನು ಒಪ್ಪಿಕೊಂಡುಬಿಟ್ಟಿದ್ದೆ. ನನ್ನ ಪರಿಚಯದವರಲ್ಲಿ ಬಹುಪಾಲು ಜನ ಇವತ್ತಿಗೂ ಒಪ್ಪಿಕೊಂಡೇ ಇದ್ದಾರೆ.

ಈ ಒಪ್ಪಿಗೆಯ ಬುಡದಲ್ಲಿರುವುದು ಒಂದು ಶಬ್ದದ ತಪ್ಪು ಎಂಬುದು ನನ್ನ ವಾದ. 'ಖಾಲಿ' ಎನ್ನುವ ಶಬ್ದ. ಪೆಟ್ರೋಲು ಖಾಲಿಯಾಗುತ್ತದೆ, ಏಕೆಂದರೆ ಅದು ಉರಿಯುತ್ತದೆ. ಅಡುಗೆಮನೆಯ ಸಿಲಿಂಡರ್ ಖಾಲಿಯಾಗುವುದೂ ಉರಿದೇ. ಗ್ಯಾಸು ಎಂದ ಕೂಡಲೇ ನಮಗೆ ನೆನಪಾಗುವುದು ಆ ಸಿಲಿಂಡರು. ಕಾರಿನ ಎಸಿಯೊಳಗಿನದು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಂಪ್ರೆಸರು ಅದನ್ನು ಅದುಮುತ್ತದೆ. ರೇಡಿಯೇಟರಿನ ಮುಂದೆ ಜಾಲರಿಯಂತೆ ನಿಂತ ಕಂಡೆನ್ಸರಿನಲ್ಲಿ ಶಾಖ ಬಿಟ್ಟು ಅದು ದ್ರವವಾಗುತ್ತದೆ. ಡ್ರೈಯರ್ ದಾಟಿ ಸಣ್ಣ ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಹೋಗಿ, ಎಕ್ಸ್‌ಪಾನ್ಶನ್ ವಾಲ್ವಿನ ಇಕ್ಕಟ್ಟಿನಿಂದ ನುಸುಳಿ, ಅಲ್ಲಿ ಆವಿಯಾಗುತ್ತ ಕ್ಯಾಬಿನ್ನಿನ ಶಾಖವನ್ನು ಹೀರಿಕೊಂಡು, ದಪ್ಪ ಪೈಪಿನಲ್ಲಿ ವಾಪಸ್ಸು ಕಂಪ್ರೆಸರಿಗೆ ಬರುತ್ತದೆ. ಗಾಣದೆತ್ತಿನ ಹಾಗೆ ಸುತ್ತು. ಕಾರ್ಖಾನೆಯಲ್ಲಿ ತುಂಬಿದ್ದು ಕಾರು ಗುಜರಿಗೆ ಹೋಗುವ ತನಕ ಒಳಗೇ ಸುತ್ತಬೇಕು. ರಬ್ಬರ್ ಹೋಸಿನ ಗೋಡೆಯಿಂದ ವರ್ಷವರ್ಷವೂ ಕೆಲವು ಗ್ರಾಂ ಜಿನುಗುವುದು ಇದ್ದದ್ದೇ. ಆದರೆ ಒಂದೇ ಮಳೆಗಾಲ, ಒಂದೇ ಚಳಿಗಾಲ ಕಳೆಯುವಷ್ಟರಲ್ಲಿ ಬರಿದಾಯಿತೆಂದರೆ ಅದು ಖಾಲಿಯಾದದ್ದಲ್ಲ, ಸೋರಿದ್ದು.

ಸೋರಿದೆ ಅಂದರೆ ಎಲ್ಲಿ ಎಂದು ಹುಡುಕಬೇಕಾಗುತ್ತದೆ. ಖಾಲಿಯಾಗಿದೆ ಅಂದರೆ ತುಂಬಿದರೆ ಸಾಕು. ಹುಡುಕಿ, ಬಿಚ್ಚಿ, ಬದಲಿಸಿ, ಬಿಗಿದು, ವ್ಯಾಕ್ಯೂಮ್ ಹಿಡಿಸಿ, ತೂಗಿ ತುಂಬುವ ಕೆಲಸಕ್ಕೆ ಅರ್ಧ ದಿನ ಬೇಕು. ಡಬ್ಬಿ ಹೊಡೆಯಲು ಹತ್ತು ನಿಮಿಷ. ನಾವು ಕೊಡುವ ದುಡ್ಡು ಮಾತ್ರ ಹತ್ತು ನಿಮಿಷದ್ದೇ. ಹುಡುಗನ ಬೆಳ್ಳಗಾದ ಬೆರಳು, ನನ್ನ ವರ್ಷವರ್ಷದ ಒಂದೂವರೆ ಸಾವಿರ, ಆಕಾಶಕ್ಕೆ ಹೋದ ಗ್ಯಾಸು, ಈ ಮೂರೂ ಹೊರಬಿದ್ದದ್ದು ಒಂದೇ ಸಂದಿನಿಂದ.

ಮೊದಲು ಬೆರಳಿನ ವಿಷಯ. ನಮ್ಮ ರಸ್ತೆಗಳ ಬಹುಪಾಲು ಕಾರುಗಳಲ್ಲಿರುವ ಗ್ಯಾಸು ಆರ್-134ಎ. ಬಯಲಿಗೆ ಬಿದ್ದರೆ ಅದು ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಅಂದರೆ ಪೈಪಿನೊಳಗೆ ಒತ್ತಡದಲ್ಲಿ ಸುಮ್ಮನಿದ್ದ ದ್ರವ ಕೈಮೇಲೆ ಬಿದ್ದ ಕ್ಷಣ ಚರ್ಮದಿಂದ ಶಾಖ ಕಸಿದುಕೊಂಡು ಕುದ್ದು ಹೋಗುತ್ತದೆ. ಚರ್ಮವಾದರೆ ಸತ್ತು ಸುಲಿದು ಮತ್ತೆ ಬಂದೀತು. ಕಣ್ಣಾದರೆ ಆ ಮಾತಿಲ್ಲ. ಎಂಜಿನ್ ಆರಿಸಿದ್ದೇನೆ, ಇನ್ನೇನು ಭಯ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಟೈರಿನಲ್ಲಿ ನಾವು ಹಿಡಿಸುವ ಗಾಳಿ 32 ಪಿಎಸ್‌ಐ. 30 ಡಿಗ್ರಿ ಸೆಕೆಯಲ್ಲಿ ಸುಮ್ಮನೆ ನಿಂತ ಕಾರಿನ ಎಸಿ ಪೈಪಿನಲ್ಲಿ ಸುಮಾರು 95. 40 ಡಿಗ್ರಿಯಲ್ಲಿ 130ರ ಹತ್ತಿರ. ಎಂಜಿನ್ ಓಡುವಾಗ ಸಣ್ಣ ಪೈಪಿನ ಕಡೆ 200 ದಾಟುವುದು ಮಾಮೂಲು. ಕನ್ನಡಕವಿಲ್ಲದೆ, ಕೈಗವಸಿಲ್ಲದೆ ಸ್ಪ್ಯಾನರ್ ಹಿಡಿದು ಈ ಪೈಪನ್ನು ಸಡಿಲಿಸುವವನು ಟೈರಿಗಿಂತ ಮೂರು ನಾಲ್ಕು ಪಟ್ಟು ಒತ್ತಡದ ಎದುರಿಗೆ ಮುಖ ಇಟ್ಟಿರುತ್ತಾನೆ.

ಇನ್ನೊಂದು ವಿಚಿತ್ರ. ಒಳಗೆ ನನ್ನ ಕಾರಿಗೆ ಬೇಕಾದ 430 ಗ್ರಾಂ ಪೂರ್ತಿ ಇರಲಿ, 200 ಗ್ರಾಮಿಗೆ ಇಳಿದಿರಲಿ, ಒಂದಿಷ್ಟು ದ್ರವ ಉಳಿದಿರುವ ತನಕ ನಿಂತ ಕಾರಿನ ಪೈಪಿನ ಒತ್ತಡ ಒಂದೇ. ಅದನ್ನು ನಿರ್ಧರಿಸುವುದು ಪ್ರಮಾಣವಲ್ಲ, ಅವತ್ತಿನ ಸೆಕೆ. ಹಾಗಾಗಿ ಪಿನ್ ಒತ್ತಿ ಸದ್ದು ಕೇಳಿ ಗ್ಯಾಸಿನ ಮಟ್ಟ ಹೇಳುವ ವಿದ್ಯೆ ಗಿಳಿಶಾಸ್ತ್ರದ ಪೈಕಿ. ನನ್ನ ಹುಡುಗ ಬೆರಳು ಸುಟ್ಟುಕೊಂಡು ತಿಳಿದುಕೊಂಡದ್ದು ಒಳಗೆ ಏನೋ ಇದೆ ಎಂಬುದನ್ನಷ್ಟೇ.

ನಾಲ್ಕನೆಯ ಬೇಸಿಗೆಗೆ ಮೊದಲು ಸ್ನೇಹಿತರೊಬ್ಬರು ಇನ್ನೊಬ್ಬ ಮೆಕ್ಯಾನಿಕ್ಕಿನ ಹತ್ತಿರ ಕಳಿಸಿದರು. ತಗಡಿನ ಶೆಡ್ಡು, ವಯಸ್ಸು ಐವತ್ತು ದಾಟಿದ ಮನುಷ್ಯ. ಅವರು ಗ್ಯಾಸಿನ ಮಾತೇ ಎತ್ತಲಿಲ್ಲ. ಟಾರ್ಚು ಹಿಡಿದು ಪೈಪಿನ ಒಂದೊಂದೇ ಜಾಯಿಂಟಿನ ಹತ್ತಿರ ಬಗ್ಗಿ ನೋಡುತ್ತ ಹೋದರು. ಏನು ಹುಡುಕುತ್ತೀರಿ ಎಂದು ಕೇಳಿದ್ದಕ್ಕೆ, "ಕರಿ ಧೂಳ್ರಿ" ಅಂದರು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಪೈಪಿನಲ್ಲಿ ಸುತ್ತುತ್ತಿರುತ್ತದೆ. ಸಂದಿನಿಂದ ಗ್ಯಾಸು ಹಾರಿಹೋಗುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ, ಅದಕ್ಕೆ ರಸ್ತೆಯ ಧೂಳು ಮೆತ್ತಿಕೊಳ್ಳುತ್ತದೆ. ಕಂಡೆನ್ಸರಿನ ಕೆಳ ಜಾಯಿಂಟಿನಲ್ಲಿ ಅಂಗುಲದಷ್ಟು ಅಗಲಕ್ಕೆ ಹೋಳಿಗೆ ಹೂರಣದ ಹಾಗೆ ಕೂತಿತ್ತು ಆ ಧೂಳು. ಮೂರು ವರ್ಷದ ಸಾಕ್ಷಿ, ಒರೆಸಿ ನೋಡುವವರಿಗಾಗಿ ಕಾದಿತ್ತು.

ಅವರು ತಕ್ಷಣ ಸ್ಪ್ಯಾನರ್ ಎತ್ತಲಿಲ್ಲ. ಒಳಗೆ ಉಳಿದಿದ್ದ ಗ್ಯಾಸನ್ನು ಮೊದಲು ಒಂದು ಯಂತ್ರಕ್ಕೆ ಎಳೆದುಕೊಂಡು ಸಿಲಿಂಡರಿಗೆ ಸೇರಿಸಿದರು. ಆ ಯಂತ್ರವನ್ನು ಪಕ್ಕದ ಗ್ಯಾರೇಜಿನವನ ಜೊತೆ ಪಾಲಿನಲ್ಲಿ, ಹಳೆಯದನ್ನು ಕೊಂಡದ್ದಂತೆ. ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೆ ಕನ್ನಡಕ ಹಾಕಿಕೊಂಡು, ಒಂದಲ್ಲ, ಎರಡು ಸ್ಪ್ಯಾನರ್ ತಂದರು. ಒಂದು ತಿರುವಲು, ಇನ್ನೊಂದು ಎದುರು ಭಾಗವನ್ನು ಅಲುಗದಂತೆ ಹಿಡಿಯಲು. ಪೈಪು ಅಲ್ಯೂಮಿನಿಯಮ್ಮಿನದು, ಒಂದೇ ಸ್ಪ್ಯಾನರಿನಿಂದ ಜಗ್ಗಿದರೆ ನಟ್ಟಿನ ಜೊತೆ ಪೈಪೂ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಹಿಂದೆ ಯಾರೋ ಹಾಗೆ ಜಗ್ಗಿದ ಗುರುತು ನನ್ನ ಕಾರಿನಲ್ಲಿತ್ತು. ಬಿಚ್ಚಿ ನೋಡಿದರೆ ಒಳಗೆ ನಲ್ಲಿಗೆ ಸುತ್ತುವ ಬಿಳಿ ಟೇಪು! ಆ ಟೇಪು ಇಲ್ಲಿ ಏನನ್ನೂ ತಡೆಯುವುದಿಲ್ಲ. ಈ ಜಾಯಿಂಟಿನಲ್ಲಿ ನಟ್ಟಿನ ಎಳೆಯ ಕೆಲಸ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು ಮಾತ್ರ. ಗ್ಯಾಸನ್ನು ತಡೆಯುವುದು ನಡುವಿನ ಒ-ರಿಂಗು. ಟೇಪಿನ ಚೂರು ಹರಿದು ಒಳಗೆ ಹೋದರೆ ಎಕ್ಸ್‌ಪಾನ್ಶನ್ ವಾಲ್ವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಒ-ರಿಂಗನ್ನು ಅವರು ನನ್ನ ಅಂಗೈ ಮೇಲೆ ಇಟ್ಟರು. ಗುಂಡಗಿರಬೇಕಾದದ್ದು ಚಪ್ಪಟೆಯಾಗಿತ್ತು, ಉಗುರು ತಾಗಿಸಿದರೆ ಒಂದು ಕಡೆ ಸಣ್ಣ ಬಿರುಕು. ಅದರ ಬೆಲೆ ಒಂದು ಚಹಾದ ಆಸುಪಾಸು. ಬದಲಿಗೆ ಹಾಕಿದ್ದು ಹಸಿರು ಬಣ್ಣದ್ದು, ಈ ಗ್ಯಾಸಿಗೂ ಅದರ ಎಣ್ಣೆಗೂ ತಾಳುವ ರಬ್ಬರಿನದು. ಕೂರುವ ಜಾಗವನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ, ಗೀರು ಬಿದ್ದಿದೆಯೇ ಎಂದು ಟಾರ್ಚು ಹಿಡಿದು ನೋಡಿ, ರಿಂಗಿಗೆ ಎರಡು ಹನಿ ಎಣ್ಣೆ ಸವರಿ, ಮೊದಲ ನಾಲ್ಕು ಸುತ್ತು ಬೆರಳಿನಿಂದಲೇ ತಿರುವಿದರು. ಆಮೇಲಷ್ಟೇ ಸ್ಪ್ಯಾನರು, ಅದೂ ಲೆಕ್ಕದ ಬಿಗಿ. ಜೋರಾಗಿ ಬಿಗಿದಷ್ಟೂ ಸೋರುವುದಿಲ್ಲ ಎನ್ನುವುದು ನಮ್ಮ ಗ್ಯಾರೇಜುಗಳ ಹಳೆಯ ನಂಬಿಕೆ. ಒ-ರಿಂಗು ಹಿಡಿಯುವುದು ತನ್ನ ಪುಟಿತದಿಂದ. ಅತಿಯಾಗಿ ಒತ್ತಿದರೆ ಪುಟಿತವೇ ಹೋಗುತ್ತದೆ, ಅಲ್ಯೂಮಿನಿಯಮ್ ಎಳೆಯೂ ಕಿತ್ತು ಬರುತ್ತದೆ. ರಿಂಗು ಹುಡುಕುವಷ್ಟು ಹೊತ್ತು ತೆರೆದ ಪೈಪಿನ ಎರಡೂ ಬಾಯಿಗೆ ಅವರು ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿದ್ದನ್ನು ಆಗ ನೋಡಿದ್ದೆ, ಅರ್ಥವಾದದ್ದು ಆಮೇಲೆ. ಈ ಎಸಿಯ ಎಣ್ಣೆಗೆ ಉಪ್ಪಿನ ಸ್ವಭಾವ, ಗಾಳಿಯ ತೇವ ಕಂಡರೆ ಹೀರಿಕೊಳ್ಳುತ್ತದೆ. ತೇವ ಒಳಗೆ ಹೋದರೆ ವಾಲ್ವಿನ ಬಾಯಲ್ಲಿ ಮಂಜುಗಡ್ಡೆಯಾಗುತ್ತದೆ, ಎಣ್ಣೆ ಮತ್ತು ಗ್ಯಾಸಿನ ಜೊತೆ ಸೇರಿ ಆಮ್ಲವಾಗಿ ಒಳಗಿನಿಂದಲೇ ಲೋಹ ತಿನ್ನುತ್ತದೆ. ಅದನ್ನು ತಡೆಯಲೆಂದೇ ಡ್ರೈಯರಿನಲ್ಲಿ ತೇವ ಹೀರುವ ಹರಳುಗಳಿವೆ; ಪೈಪು ಬಹಳ ಹೊತ್ತು ತೆರೆದಿಟ್ಟರೆ ಆ ಹರಳುಗಳು ಮಳೆಗಾಲದ ಗಾಳಿಯನ್ನೇ ಕುಡಿದು ತೃಪ್ತವಾಗಿಬಿಡುತ್ತವೆ.

ಮುಂದಿನದು ಕಾಯುವ ಕೆಲಸ. ಮುಕ್ಕಾಲು ಗಂಟೆ ವ್ಯಾಕ್ಯೂಮ್ ಪಂಪು ಗುಂಯ್‌ಗುಟ್ಟಿತು. ಒತ್ತಡ ಸಾಕಷ್ಟು ಇಳಿದರೆ ನೀರು ಕೋಣೆಯ ಉಷ್ಣತೆಯಲ್ಲೇ ಕುದಿಯುತ್ತದೆ, ಒಳಗೆ ಸೇರಿದ ತೇವ ಹಬೆಯಾಗಿ ಹೊರಗೆ ಬರುತ್ತದೆ. ಪಂಪು ಆರಿಸಿ ಮತ್ತೆ ಇಪ್ಪತ್ತು ನಿಮಿಷ ಮುಳ್ಳು ನೋಡುತ್ತ ಕೂತೆವು. ಅಲುಗಿದರೆ ಇನ್ನೂ ಸೋರುತ್ತಿದೆ ಎಂದರ್ಥ. ಅಲುಗಲಿಲ್ಲ. ಕೊನೆಗೆ ಬಾನೆಟ್ಟಿನ ಒಳಮೈಯ ಚೀಟಿ ಓದಿ, ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು 430 ಗ್ರಾಂ ತೂಗಿ ಬಿಟ್ಟರು. ಆ ಚೀಟಿ ಅಲ್ಲಿರುವುದನ್ನು ಆರು ವರ್ಷ ಕಾರು ಓಡಿಸಿದ ನಾನು ಅವತ್ತೇ ನೋಡಿದ್ದು.

ಇಷ್ಟೂ ಶಿಸ್ತು ಎಸಿ ತಣ್ಣಗಿರಲಿ ಎಂದು ಮಾತ್ರವಲ್ಲ, ಮಾಡುವವನ ಮೈ ಉಳಿಯಲಿ ಎಂದೂ ಇದೆ. ಸೋರಿಕೆ ಹುಡುಕಲು ಗ್ಯಾರೇಜಿನ ಕಂಪ್ರೆಸರಿನಿಂದ ಗಾಳಿ ಹೊಡೆಯುವವರಿದ್ದಾರೆ. ಬಯಲಲ್ಲಿ ಹೊತ್ತಿಕೊಳ್ಳದ ಆರ್-134ಎ, ಗಾಳಿಯೊಂದಿಗೆ ಒತ್ತಡದಲ್ಲಿ ಬೆರೆತಾಗ ಹೊತ್ತಿಕೊಳ್ಳಬಲ್ಲದು. ಆಕ್ಸಿಜನ್ ಹೊಡೆದರಂತೂ ಒಳಗಿನ ಎಣ್ಣೆಯೇ ಸಿಡಿಮದ್ದು. ಒಣ ನೈಟ್ರೋಜನ್ ಒಂದೇ ಸರಿಯಾದ ದಾರಿ. ಪೈಪಿನಲ್ಲಿ ಗ್ಯಾಸು ಉಳಿದಿರುವಾಗಲೇ ಸೀಳಿಗೆ ವೆಲ್ಡಿಂಗ್ ಜ್ವಾಲೆ ಹಿಡಿದರೆ ಅದು ಒಡೆದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಮೂಗು, ಶ್ವಾಸಕೋಶವನ್ನು ಸುಡುವ ವಿಷ. ಬೀಡಿ ಕಚ್ಚಿಕೊಂಡು ಜಾಯಿಂಟ್ ಬಿಚ್ಚುವವನೂ ಇದೇ ಪ್ರಯೋಗವನ್ನು ಸಣ್ಣ ಪ್ರಮಾಣದಲ್ಲಿ ಮಾಡುತ್ತಿರುತ್ತಾನೆ. ಈ ಗ್ಯಾಸು ಗಾಳಿಗಿಂತ ಮೂರೂವರೆ ಪಟ್ಟು ಭಾರ. ಬಿಟ್ಟ ಕೂಡಲೇ ಮೇಲೆ ಹೋಗುವುದಿಲ್ಲ, ಕಾರಿನ ಅಡಿಯ ಪಿಟ್ಟಿಗೆ ಇಳಿದು ಅಲ್ಲಿ ನಿಂತವನ ಉಸಿರಿನ ಗಾಳಿಯನ್ನು ಹೊರದಬ್ಬುತ್ತದೆ. ವಾಸನೆಯಿಲ್ಲದ್ದರಿಂದ ಅವನಿಗೆ ಸುಳಿವೂ ಸಿಗುವುದಿಲ್ಲ.

ಎಡವಟ್ಟು ಆಗದಿರಲೆಂದು ಕಂಪನಿಗಳು ಮಾಡಿದ ಒಂದು ಜಾಣತನವೂ ಇದೆ. ಗ್ಯಾಸು ತುಂಬುವ ಎರಡು ಬಾಯಿಗಳ ಅಳತೆ ಬೇರೆ ಬೇರೆ, ಕಡಿಮೆ ಒತ್ತಡದ್ದು 13 ಮಿಲಿಮೀಟರ್, ಹೆಚ್ಚಿನದ್ದು 16. ಒಂದರ ಕಪ್ಲರು ಇನ್ನೊಂದಕ್ಕೆ ಕೂರದು. ಡಬ್ಬಿಯನ್ನು ತಪ್ಪಿ ಹೆಚ್ಚಿನ ಒತ್ತಡದ ಕಡೆ ಜೋಡಿಸಿ ಎಂಜಿನ್ ಓಡಿಸಿದರೆ ಗ್ಯಾಸು ಒಳಗೆ ಹೋಗುವ ಬದಲು 200 ಪಿಎಸ್‌ಐ ಡಬ್ಬಿಯೊಳಕ್ಕೆ ಬರುತ್ತದೆ, ಕೈಯಲ್ಲೇ ಒಡೆಯಬಹುದು. ಆದರೆ ಅಡಾಪ್ಟರ್ ಇಲ್ಲದ ಸಂತೆ ಯಾವುದಿದೆ?

ಡಬ್ಬಿಯೊಳಗೆ ಏನಿದೆ ಎಂಬುದೂ ಒಂದು ಪ್ರಶ್ನೆ. ಇದಕ್ಕೆ ಹಿಂದಕ್ಕೆ ಹೋಗಬೇಕು. 1920ರ ದಶಕದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರುತ್ತಿದ್ದವು. ಸೋರಿದರೆ ಮನೆಮಂದಿ ಸಾಯುತ್ತಿದ್ದರು. ಬದಲಿ ಹುಡುಕಿದ ಅಮೆರಿಕದ ಥಾಮಸ್ ಮಿಜ್ಲಿ 1930ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ತನ್ನ ಹೊಸ ಗ್ಯಾಸನ್ನು ಎಲ್ಲರೆದುರು ಎದೆತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೋಂಬತ್ತಿಯ ಮೇಲೆ ಊದಿದ. ಮೋಂಬತ್ತಿ ಆರಿತು, ಮಿಜ್ಲಿ ಬದುಕಿದ್ದ. ವಿಷವಲ್ಲ, ಉರಿಯುವುದಿಲ್ಲ, ಎರಡೂ ಒಂದೇ ಉಸಿರಿನಲ್ಲಿ ಸಾಬೀತು. ಫ್ರಿಯಾನ್ ಎಂದು ನಾವೆಲ್ಲ ಕೇಳಿದ ಸಿಎಫ್‌ಸಿ ಅದು. 'ಏನ ಆಗೂದಿಲ್ಲ ಬಿಡ್ರಿ' ಎನ್ನುವ ಮಾತು ಗ್ಯಾರೇಜಿನಲ್ಲಿ ಹುಟ್ಟಿದ್ದಲ್ಲ; ಅದರ ಮೂಲ ಆ ಸಭೆ ಎಂದು ನನಗನಿಸುತ್ತದೆ. ಓಝೋನ್ ಪದರವನ್ನು ಅದು ತಿನ್ನುತ್ತದೆ ಎಂದು ರೋಲೆಂಡ್ ಮತ್ತು ಮೊಲಿನಾ 1974ರಲ್ಲಿ ಹೇಳುವ ತನಕ, ಸೋರಿದರೆ ನಷ್ಟ ಮಾಲೀಕನ ಕಿಸೆಗೆ ಮಾತ್ರ ಎಂದು ಜಗತ್ತು ನಂಬಿತ್ತು.

ಮಿಜ್ಲಿ ಮನೆಗಳಿಂದ ಓಡಿಸಿದ ಆ ಮೀಥೈಲ್ ಕ್ಲೋರೈಡ್ ಎಂಟು ದಶಕಗಳ ನಂತರ ವೇಷ ಮರೆಸಿಕೊಂಡು ಮರಳಿತು. 2011ರಲ್ಲಿ ಹಡಗಿನ ಶೈತ್ಯ ಕಂಟೇನರುಗಳು ಸ್ಫೋಟಿಸಿ ಮೂವರು ಕಾರ್ಮಿಕರು ಸತ್ತರು. ವಿಯೆಟ್ನಾಮಿನಲ್ಲಿ ರಿಪೇರಿಯಾಗಿದ್ದ ಆ ಕಂಟೇನರುಗಳಿಗೆ ಆರ್-134ಎ ಹೆಸರಿನಲ್ಲಿ ತುಂಬಿದ್ದ ಕಲಬೆರಕೆಯ ಮೇಲೆ ಸಂಶಯ ಹೋಯಿತು. ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಮ್ಮಿನ ಜೊತೆ ಸೇರಿದರೆ ಗಾಳಿ ಸೋಕಿದ ಕೂಡಲೇ ಹೊತ್ತುವ ವಸ್ತು ಹುಟ್ಟುತ್ತದೆ. ಜಾಯಿಂಟ್ ಬಿಚ್ಚುವವನು ಮಾಡುವುದು ಅದನ್ನೇ, ಒಳಗಿನದ್ದಕ್ಕೆ ಗಾಳಿ ಸೋಕಿಸುವುದು. ಅಡುಗೆ ಅನಿಲದ ಜಾತಿಯದನ್ನು ಬೆರೆಸಿ ಕೊಟ್ಟರೂ ಎಸಿ ಚೆನ್ನಾಗಿಯೇ ತಣ್ಣಗಾಗುತ್ತದೆ, ಅದೇ ಅಪಾಯ. ತಂಪು ಬಂತೆಂದರೆ ಗ್ಯಾಸು ಅಸಲಿ ಎನ್ನಲಾಗದು. ಲೇಬಲ್ ಇಲ್ಲದ, ಬೆಲೆ ಅರ್ಧಕ್ಕರ್ಧ ಇರುವ ಡಬ್ಬಿಯನ್ನು ಗ್ರಾಹಕ ನಿರಾಕರಿಸಬೇಕು.

ಸೋರುವ ಜಾಯಿಂಟಿಗೂ ಆಕಾಶಕ್ಕೂ ಇರುವ ನಂಟನ್ನು ನಾನು ಅತಿಶಯೋಕ್ತಿಗೆ ಹೇಳುತ್ತಿಲ್ಲ. ಅದನ್ನು ಕಂಡುಹಿಡಿದ ವಿಜ್ಞಾನಿಯ ಜೀವನವೇ ಅದಕ್ಕೆ ಸಾಕ್ಷಿ. ವೀರಭದ್ರನ್ ರಾಮನಾಥನ್ ಹುಡುಗನಾಗಿದ್ದಾಗ ಕುಟುಂಬದೊಂದಿಗೆ ಬೆಂಗಳೂರಿಗೆ ಬಂದವರು. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಾರ್ಖಾನೆಗೆ ಸೇರಿದರು. ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸ, ಗ್ಯಾಸು ಯಾಕೆ ಸೋರುತ್ತಿದೆ ಎಂದು ಪತ್ತೆಮಾಡುವುದು. ಬೇಸರದ ಕೆಲಸವೆಂದೇ ಅವರಿಗೆ ಅನಿಸಿತ್ತು. ಆಮೇಲೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಅಲ್ಲಿಂದ ಅಮೆರಿಕ. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧ, ಸಿಎಫ್‌ಸಿ ಓಝೋನನ್ನು ತಿನ್ನುವುದು ಹಾಗಿರಲಿ, ಅದರ ಒಂದು ಅಣು ಶಾಖ ಹಿಡಿಯುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು ಹತ್ತು ಸಾವಿರ ಅಣುಗಳಿಗೆ ಸಮ ಎಂದು ತೋರಿಸಿತು. ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಅಲ್ಲಿಯ ತನಕ ಯಾರೂ ಈ ಗ್ಯಾಸನ್ನು ಹಿಡಿದಿರಲಿಲ್ಲ. ಸಿಕಂದರಾಬಾದಿನಲ್ಲಿ ಎಲ್ಲಿಂದ ಸೋರುತ್ತದೆ ಎಂದು ಹುಡುಕಿದವರು ಸೋರಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹುಡುಕಿಬಿಟ್ಟರು. ನಮ್ಮ ಐಟಿಐಗಳ ಎಸಿ ಮೆಕ್ಯಾನಿಕ್ ತರಗತಿಯ ಮೊದಲ ದಿನ ಹೇಳಬೇಕಾದ ಕಥೆಯಿದು.

1987ರ ಮಾಂಟ್ರಿಯಲ್ ಒಪ್ಪಂದ ಸಿಎಫ್‌ಸಿಯನ್ನು ಹೊರದಬ್ಬಿತು. ಭಾರತ ಅದನ್ನು ಸೇರಿದ್ದು 1992ರಲ್ಲಿ. ಆ ಜಾಗಕ್ಕೆ ಬಂದದ್ದೇ ಆರ್-134ಎ. ಓಝೋನಿಗೆ ಇದರಿಂದ ತೊಂದರೆಯಿಲ್ಲ. ಶಾಖ ಹಿಡಿಯುವ ಚಾಳಿ ಮಾತ್ರ ಹೋಗಿಲ್ಲ: ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ, 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ ಎಂಬುದು ಒಪ್ಪಂದಗಳಲ್ಲಿ ಹಿಡಿದಿರುವ ಅಂಕಿ. ನನ್ನ ಕಾರಿನ 430 ಗ್ರಾಮಿಗೆ ಲೆಕ್ಕ ಹಾಕಿದೆ. 615 ಕಿಲೋ ಆಯಿತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ, ಲೀಟರಿಗೆ 20 ಕಿಲೋಮೀಟರ್ ಓಡಿದರೆ 615 ಕಿಲೋ ಎಂದರೆ 5,300 ಕಿಲೋಮೀಟರ್ ಚಿಲ್ಲರೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆರು ಸಲ ಹೋಗಿಬಂದು, ಏಳನೆಯ ಸಲಕ್ಕೆ ಮತ್ತೆ ಬೆಂಗಳೂರು ತಲುಪಿದಷ್ಟು. ಕಾರನ್ನು ಗೇಟಿನೊಳಗೆ ನಿಲ್ಲಿಸಿಯೇ ಇಷ್ಟು ಪ್ರಯಾಣದ ಹೊಗೆ ಬಿಡಬಹುದು, ಒಂದು ಚಹಾದ ಬೆಲೆಯ ರಬ್ಬರಿನ ಕೃಪೆಯಿಂದ.

ಕಾರ್ಖಾನೆ, ವಿಮಾನ, ಕಲ್ಲಿದ್ದಲಿನ ಮುಂದೆ ಈ ಡಬ್ಬಿ ಯಾವ ಲೆಕ್ಕ ಎಂದು ಗೆಳೆಯರೊಬ್ಬರು ಕೇಳಿದರು. ಸಣ್ಣ ಲೆಕ್ಕವೇ, ಒಪ್ಪುತ್ತೇನೆ. ಆದರೆ ವಿಮಾನ ನಿಲ್ಲಿಸಲು, ಕಲ್ಲಿದ್ದಲು ಬಿಡಲು ಯಾರೋ ಏನನ್ನೋ ಕಳೆದುಕೊಳ್ಳಬೇಕು. ಇಲ್ಲಿ ಕಳೆದುಕೊಳ್ಳುವವರು ಯಾರು? ಜಾಯಿಂಟ್ ಸರಿಮಾಡಿಸಿದ ನಾನು ಮುಂದಿನ ಬೇಸಿಗೆಗಳ ಒಂದೂವರೆ ಸಾವಿರ ಉಳಿಸಿಕೊಂಡೆ. ಭೂಮಿಗೆ ಉಪಕಾರ ಮಾಡಿ ಲಾಭವನ್ನೂ ಕಿಸೆಗೆ ಹಾಕಿಕೊಳ್ಳುವ ಅವಕಾಶ ದಿನಾ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ದಿನಗೂಲಿಯಂತೆ ದುಡಿಯುವ ಹುಡುಗನಿಗೆ ಯಂತ್ರ ಎಲ್ಲಿಂದ ಬರಬೇಕು, ತರಬೇತಿ ಯಾರು ಕೊಡಬೇಕು? ಅಮೆರಿಕದಲ್ಲಿ ಸಿಎಫ್‌ಸಿಯನ್ನು ಬೇಕೆಂದೇ ಗಾಳಿಗೆ ಬಿಡುವುದು 1992ರಿಂದಲೇ ಅಪರಾಧ, ಹಣ ಪಡೆದು ಕಾರಿನ ಎಸಿ ರಿಪೇರಿ ಮಾಡುವವನಿಗೆ ಪ್ರಮಾಣಪತ್ರ ಬೇಕು. ಯುರೋಪಿನಲ್ಲಿ ಬಿಸಾಡುವ ಡಬ್ಬಿಗಳಲ್ಲಿ ಆರ್-134ಎ ಮಾರುವುದನ್ನೇ 2007ರಿಂದ ನಿಲ್ಲಿಸಿದ್ದಾರೆ. ಅಂಥ ಕಾಯಿದೆಯನ್ನು ನಾಳೆಯೇ ತಂದು ಪೊಲೀಸರ ಕೈಗೆ ಕೊಟ್ಟರೆ ನಮ್ಮಲ್ಲಿ ಹುಟ್ಟುವುದು ಇನ್ನೊಂದು ಮಾಮೂಲು. ಬಿಗಿಮಾಡಬೇಕಾದದ್ದು ಡಬ್ಬಿ ತುಂಬಿ ಮಾರುವವರನ್ನು, ಕಲಿಸಬೇಕಾದದ್ದು ಹುಡುಗನಿಗೆ. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಇಂಡಿಯಾ ಕೂಲಿಂಗ್ ಆಕ್ಷನ್ ಪ್ಲಾನ್, 2022–23ರೊಳಗೆ 1 ಲಕ್ಷ ಸರ್ವಿಸ್ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ಎಂದು ಗುರಿಯಿಟ್ಟಿತ್ತು. ನನ್ನ ಹಿರಿಯ ಮೆಕ್ಯಾನಿಕ್ಕಿಗೆ ಅದರ ಹೆಸರು ಹೇಳಿದೆ. "ಯಾವ ಊರಾಗ್ರಿ ಅದು?" ಎಂದು ಕೇಳಿದರು.

ಹೊಸ ಗ್ಯಾಸು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. 2017ರಿಂದ ಯುರೋಪಿನಲ್ಲಿ ಮಾರುವ ಯಾವ ಹೊಸ ಕಾರಿನಲ್ಲೂ ಆರ್-134ಎ ಇರುವಂತಿಲ್ಲ. ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದೆ. ನಾವು ಈ ಜಾತಿಯ ಗ್ಯಾಸುಗಳ ಬಳಕೆಗೆ 2028ರಲ್ಲಿ ಮಿತಿ ಹಾಕಿಕೊಂಡು 2047ರ ಹೊತ್ತಿಗೆ ಶೇ. 85ರಷ್ಟು ಇಳಿಸಬೇಕು. ಬದಲಿಗೆ ಬರುತ್ತಿರುವ ಆರ್-1234ವೈಎಫ್ ಹವಾಮಾನಕ್ಕೆ ಬಹುಮಟ್ಟಿಗೆ ನಿರಪಾಯ, ಆದರೆ ಅದಕ್ಕೆ ಬೆಂಕಿ ಹತ್ತುತ್ತದೆ. ನಿಧಾನಕ್ಕೆ, ಆದರೂ ಹತ್ತುತ್ತದೆ. ಸ್ಕ್ರೂಡ್ರೈವರಿನಿಂದ ಪಿನ್ ಒತ್ತುವ ಕೈಗೆ, ಬಾಯಲ್ಲಿ ಬೀಡಿ ಇರುವಾಗ, ಆ ಗ್ಯಾಸನ್ನು ಕೊಟ್ಟು ನೋಡಿ. ವಿದ್ಯುತ್ ಕಾರುಗಳ ಎಸಿಯಲ್ಲಿ ಕಂಪ್ರೆಸರೇ ಹೈ-ವೋಲ್ಟೇಜಿನದು, ಎಣ್ಣೆಯೂ ಬೇರೆ. ಮಾಮೂಲಿ ಎಣ್ಣೆ ತಪ್ಪಿ ಬೆರೆತರೆ ವಿದ್ಯುತ್ ನಿರೋಧವೇ ಕುಗ್ಗುತ್ತದೆ. ಅಕ್ಟೋಬರ್ 1, 2025ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಒಳ್ಳೆಯದೇ, ಬಾಯ್ಲರಿನಂಥ ಕ್ಯಾಬಿನ್ನಿನಲ್ಲಿ ಕೂತು ರಾತ್ರಿಹಗಲು ಓಡಿಸುವವರಿಗೆ ಎಂದೋ ಸಿಗಬೇಕಾಗಿದ್ದದ್ದು. ಲಾರಿಯ ಕುಲುಕಾಟಕ್ಕೆ ಜಾಯಿಂಟುಗಳು ಸಡಿಲವಾಗುವುದು ಕಾರಿಗಿಂತ ಬೇಗ. ಹೆದ್ದಾರಿಯ ಢಾಬಾಗಳ ಪಕ್ಕ ಪಂಕ್ಚರ್ ಅಂಗಡಿಯ ಬೋರ್ಡಿಗೆ ಇನ್ನೊಂದು ಸಾಲು ಸೇರಲು ತಡವಿಲ್ಲ: ಇಲ್ಲಿ ಎಸಿ ಗ್ಯಾಸ್ ಹಾಕಲಾಗುವುದು.

ಓದುಗರು ಬಾನೆಟ್ ಎತ್ತಿ ತಾವೇ ಪೈಪು ಬಿಚ್ಚಲಿ ಎಂದು ನಾನು ಹೇಳುವುದಿಲ್ಲ, ಬಿಚ್ಚಬಾರದು. ನೋಡಲು ಅಡ್ಡಿಯಿಲ್ಲ. ಎಂಜಿನ್ ಆರಿಸಿ, ಸರ್ವಿಸ್ ಬಾಯಿಗಳ ಎರಡೂ ಮುಚ್ಚಳ ಇವೆಯೇ ನೋಡಿ. ಒಳಗಿನ ಪಿನ್ನಿನ ವಾಲ್ವು ಅಷ್ಟಿಷ್ಟು ಜಿನುಗುವಂಥದ್ದು, ಪೂರ್ತಿ ತಡೆಯುವುದು ಒಳಗೆ ರಬ್ಬರಿರುವ ಆ ಮುಚ್ಚಳವೇ. ನನ್ನ ಕಾರಿನಲ್ಲಿ ಒಂದು ಮುಚ್ಚಳ ಮೂರು ವರ್ಷದಿಂದ ನಾಪತ್ತೆಯಾಗಿತ್ತು. ಜಾಯಿಂಟುಗಳ ಹತ್ತಿರ ಕರಿ ಧೂಳು ಇದೆಯೇ ನೋಡಿ. ಗ್ಯಾರೇಜಿನಲ್ಲಿ "ಗ್ಯಾಸು ಹಾಕಿ" ಅನ್ನುವ ಬದಲು "ಎಲ್ಲಿ ಸೋರುತ್ತಿದೆ ನೋಡಿ, ನೋಡಿದ್ದಕ್ಕೂ ದುಡ್ಡು ಕೊಡುತ್ತೇನೆ" ಅನ್ನಿ. ಆ ಎರಡನೆಯ ಅರ್ಧ ಹೇಳದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಇದು ನನಗೆ ಗೊತ್ತಾದದ್ದು ಬಿಲ್ಲು ನೋಡಿದಾಗ. ಹಿರಿಯರು ಅವತ್ತು ನನ್ನ ಕಾರಿನ ಮೇಲೆ ಹೆಚ್ಚುಕಡಿಮೆ ಮೂರು ಗಂಟೆ ಕಳೆದಿದ್ದರು. ಬೆಂಚಿನ ಮೇಲೆ ಕೂತು ಬಿಲ್ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಗ್ಯಾಸ್, 2,200. ಹುಡುಕಿದ್ದು, ರಿಂಗ್ ಬದಲಿಸಿದ್ದು, ವ್ಯಾಕ್ಯೂಮ್ ಹಿಡಿಸಿದ್ದು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ಕನ್ನಡಕದ ಮೇಲಿನಿಂದ ನೋಡಿ ನಕ್ಕರು. "ಲೇಬರ್ ಅಂತ ಬರದ್ರ ಜನ ಜಗಳಾ ತಗೀತಾರ್ರಿ. ಗ್ಯಾಸ್ ಅಂತ ಬರದ್ರ ಸುಮ್ಮನ ಕೊಡ್ತಾರ."

ಅದಾಗಿ ಎರಡು ಬೇಸಿಗೆ ಕಳೆದಿವೆ, ಎಸಿ ತಣ್ಣಗಿದೆ. ಬಿಲ್ಲು ಈಗಲೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ. ಚಪ್ಪಟೆಯಾದ ಆ ಒ-ರಿಂಗನ್ನು ಅದಕ್ಕೇ ಸ್ಟೇಪಲ್ ಹೊಡೆದಿಟ್ಟಿದ್ದೇನೆ.